ಫೋನಿನಲ್ಲಿ ಐದು ನಿಮಿಷದ ನಿಮ್ಮ ಕತೆ: ಹಳ್ಳಿಯ ಹುಡುಗ ಹುಡುಗಿಯರಿಗೆ ಸಮಗ್ರ ಮಾರ್ಗದರ್ಶಿ

ನನ್ನ ಕೈಗೆ ಬರುವ ರೆಕಾರ್ಡಿಂಗ್‌ಗಳಲ್ಲಿ ಮುಕ್ಕಾಲು ಪಾಲು ಒಂದೇ ಥರ ಕೆಟ್ಟಿರುತ್ತವೆ. ಶುರುವಿನಲ್ಲಿ "ಎಲ್ಲರಿಗೂ ನಮಸ್ಕಾರ, ನನ್ನ ಹೆಸರು..." ಅಂತ ಬರುತ್ತದೆ. ಆಮೇಲೆ ಊರಿನಲ್ಲಿ ಎಷ್ಟು ಮನೆ, ಯಾವ ದೇವಸ್ಥಾನ, ಯಾವ ಬೆಳೆ. ಕೊನೆಗೆ "ಯುವಕರೇ ದೇಶದ ಬೆನ್ನೆಲುಬು". ಎಂಟು ನಿಮಿಷ ಕೇಳಿದರೂ ಮಾತಾಡಿದವರು ಯಾರು ಅಂತ ಗೊತ್ತಾಗುವುದಿಲ್ಲ. ಅದೇ ಹುಡುಗಿ ಚಹಾ ಕುಡಿಯುತ್ತಾ ತನ್ನ ಪಾಡು ಹೇಳುವಾಗ ಸುತ್ತ ಕೂತವರೆಲ್ಲ ಕಿವಿಯಾಗಿರುತ್ತಾರೆ.

ತಪ್ಪು ಇರುವುದು ಕ್ರಮದಲ್ಲಿ. ಎಲ್ಲರೂ ಮೊದಲು ಬರೆಯುತ್ತಾರೆ, ಆಮೇಲೆ ಅದನ್ನು ಓದಿ ರೆಕಾರ್ಡ್ ಮಾಡುತ್ತಾರೆ. ಪೆನ್ನು ಹಿಡಿದ ಕೂಡಲೇ ನಮಗೆಲ್ಲ ಶಾಲೆಯ ಪ್ರಬಂಧ ನೆನಪಾಗುತ್ತದೆ, ಅಲ್ವಾ? ಇಲ್ಲಿ ಕ್ರಮ ಉಲ್ಟಾ. ಮೊದಲು ಬಾಯಲ್ಲಿ ಹೇಳಿ, ಅದನ್ನು ಕೇಳಿ, ಆಮೇಲೆ ಬರೆದುಕೊಳ್ಳಿ, ಕತ್ತರಿಸಿ, ಮತ್ತೆ ಹೇಳಿ.

ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಮಾಡಿ. ಅವಸರಕ್ಕೆ ಯಾವುದನ್ನಾದರೂ ಹಾರಿಸಬೇಕು ಅನ್ನಿಸಿದರೆ ಎಡಿಟಿಂಗ್ ಹಾರಿಸಿ. ಮೂರು, ನಾಲ್ಕು ಮತ್ತು ಎಂಟನೆಯದನ್ನು ಮಾತ್ರ ಬಿಡಬೇಡಿ.

ಏನೇನು ಬೇಕು

ರೆಕಾರ್ಡರ್ ಇರುವ ಒಂದು ಫೋನ್, ತಂತಿಯ ಇಯರ್‌ಫೋನ್, ಒಂದು ನೋಟ್‌ಬುಕ್, ಎರಡು ಕೌದಿ ಅಥವಾ ದಪ್ಪ ಕಂಬಳಿ. ಜೊತೆಗೆ ಬಾಯಿ ಮುಚ್ಚಿಕೊಂಡು ಕೇಳಬಲ್ಲ ಒಬ್ಬ ಗೆಳೆಯ ಅಥವಾ ಗೆಳತಿ. ಈ ಕೊನೆಯದು ಸಿಗುವುದೇ ಕಷ್ಟ. ಉಳಿದದ್ದು ಎಲ್ಲರ ಮನೆಯಲ್ಲೂ ಇರುತ್ತದೆ.

ಮೈಕು ಕೊಳ್ಳುವ ಅವಸರ ಬೇಡ. ಕಾಲರಿಗೆ ಸಿಕ್ಕಿಸುವ ಅಗ್ಗದ ಮೈಕು ಬಟ್ಟೆಗೆ ಉಜ್ಜಿ ಬರಬರ ಸದ್ದು ಮಾಡುತ್ತದೆ. ಫೋನಿನ ಮೈಕನ್ನೇ ಸರಿಯಾಗಿ ಹಿಡಿದರೆ ರೇಡಿಯೋಕ್ಕೂ ಸಾಕಾಗುತ್ತದೆ.

ಫೋನಿನಲ್ಲಿ ಜಾಗ ನೋಡಿಕೊಳ್ಳಿ. ಸಾಮಾನ್ಯ ರೆಕಾರ್ಡಿಂಗ್ (ಎಂ4ಎ) ನಿಮಿಷಕ್ಕೆ ಸುಮಾರು 1 ಎಂಬಿ ಹಿಡಿಯುತ್ತದೆ. ವೇವ್ ಫೈಲ್ (ದನಿಯನ್ನು ಕುಗ್ಗಿಸದೆ ಇಡುವಂಥದ್ದು) ಆದರೆ ನಿಮಿಷಕ್ಕೆ ಸುಮಾರು 5 ಎಂಬಿ. 500 ಎಂಬಿ ಖಾಲಿ ಇದ್ದರೆ ಧಾರಾಳವಾಯಿತು. "ಸ್ಟೋರೇಜ್ ಫುಲ್" ಅನ್ನುವ ಸಂದೇಶ ಯಾವಾಗಲೂ ಕತೆಯ ಒಳ್ಳೆಯ ಜಾಗದಲ್ಲೇ ಬರುತ್ತದೆ. ನನ್ನ ಅನುಭವ.

ಹಂತ 1: ಯಾರು ಕೇಳಬೇಕು ಅಂತ ಮೊದಲೇ ಗೊತ್ತು ಮಾಡಿ

"ಎಲ್ಲರೂ ಕೇಳಲಿ" ಅಂದರೆ ಯಾರೂ ಕೇಳುವುದಿಲ್ಲ. ಒಬ್ಬರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಬೆಂಗಳೂರಿಗೆ ಹೋದ ಅಣ್ಣ ಇರಬಹುದು, ನಿಮ್ಮ ಹಾಗೆಯೇ ಕಾಲೇಜು ಬಿಡುವ ಯೋಚನೆಯಲ್ಲಿರುವ ಪಕ್ಕದೂರಿನ ಹುಡುಗಿ ಇರಬಹುದು. ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ಅವರನ್ನು ಬರೆದಿಡಿ.

ಇದರಿಂದ ಇನ್ನೊಂದು ವಿಷಯವೂ ಇತ್ಯರ್ಥವಾಗುತ್ತದೆ. ನಿಮ್ಮೂರಿನವರಿಗೇ ಹೇಳುವುದಾದರೆ ಗುಳೆ ಅಂದರೇನು ಅಂತ ವಿವರಿಸಬೇಕಿಲ್ಲ. ಮಂಗಳೂರಿನವರಿಗೆ ಹೇಳುವುದಾದರೆ ಒಂದು ಮಾತು ಬೇಕು: ದೀಪಾವಳಿ ಮುಗಿದ ಮೇಲೆ ಊರಲ್ಲಿ ಕೆಲಸ ಇರುವುದಿಲ್ಲ, ಮನೆಗೆ ಬೀಗ ಹಾಕಿ ದುಡಿಯಲು ಹೋಗುತ್ತೇವೆ. ಅಷ್ಟೇ ಸಾಕು.

ಹಂತ 2: ಒಂದು ದಿನ ಆರಿಸಿ

ಬದುಕಿನ ಕತೆ ಬೇಡ. ಒಂದು ದಿನದ ಕತೆ ಬೇಕು. ಸಾಧ್ಯವಾದರೆ ಒಂದು ಹೊತ್ತಿನದು.

ನೋಟ್‌ಬುಕ್ಕಿನಲ್ಲಿ "ಅವತ್ತು..." ಅಂತ ಶುರುವಾಗುವ ಹತ್ತು ಸಾಲು ಬರೆಯಿರಿ. ಅವತ್ತು ಬಸ್ಸು ತಪ್ಪಿತು. ಅವತ್ತು ಅಪ್ಪ ಎತ್ತು ಮಾರಿಬಂದ. ಅವತ್ತು ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂತು, ಫೋನಿಗೆ ಕರೆನ್ಸಿ ಇರಲಿಲ್ಲ. ಯೋಚಿಸದೆ ಬರೆಯಿರಿ. ಮೊದಲ ನಾಲ್ಕೈದು ಎಲ್ಲರೂ ಬರೆಯುವಂಥವೇ ಆಗಿರುತ್ತವೆ. ಏಳನೆಯದೋ ಎಂಟನೆಯದೋ ಬರೆಯುವಾಗ ಪೆನ್ನು ಸ್ವಲ್ಪ ನಿಲ್ಲುತ್ತದೆ. ಅಲ್ಲೇ ಏನೋ ಇರುತ್ತದೆ.

ಆರಿಸಿದ ದಿನಕ್ಕೆ ಮೂರು ಪ್ರಶ್ನೆ ಕೇಳಿ. ಆಗ ನೀವು ನಿಂತಿದ್ದ ಜಾಗ ಕಣ್ಣಿಗೆ ಕಟ್ಟುತ್ತದಾ? ಯಾರಾದರೂ ಆಡಿದ ಒಂದು ಮಾತು ಹಾಗೇ ನೆನಪಿದೆಯಾ? ಬೆಳಿಗ್ಗೆ ಇದ್ದ ಹಾಗೆ ಸಂಜೆ ಇರಲಿಲ್ಲ ಅನ್ನುವಂಥದ್ದು ಏನಾದರೂ ಆಯಿತಾ? ಎರಡಕ್ಕಾದರೂ ಹೌದು ಅಂತ ಬರದಿದ್ದರೆ ಬೇರೆ ದಿನ ಹುಡುಕಿ.

ಎಚ್ಚರಿಕೆಯ ಗುರುತು: ನಿಮ್ಮ ಸಾಲಿನಲ್ಲಿ "ನಾನು" ಹೋಗಿ "ನಾವು ಗ್ರಾಮೀಣ ಯುವಜನರು" ಅಂತ ಬಂದರೆ ಅದು ಭಾಷಣ. ಹಿಂದಕ್ಕೆ ಬನ್ನಿ.

ಇನ್ನೊಂದು ಮಾತು. ಕಷ್ಟದ ದಿನವೇ ಆಗಬೇಕು ಅಂತೇನಿಲ್ಲ. ಹಳ್ಳಿ ಅಂದರೆ ಬರೀ ಗೋಳು ಕೇಳಲು ಬರುವವರು ಇದ್ದಾರೆ. ಅವರಿಗೆ ಬೇಕಾದದ್ದನ್ನೇ ಕೊಡಬೇಕು ಅನ್ನುವ ಹಂಗು ನಿಮಗಿಲ್ಲ. ಜಾತ್ರೆಯಲ್ಲಿ ಕುಸ್ತಿ ಸೋತದ್ದು, ಡ್ರೋನ್ ನೋಡಿ ಕುರಿಮಂದೆ ಚೆದುರಿದ್ದು, ಹೊಲಿಗೆ ಕಲಿತು ಮೊದಲ ರವಿಕೆ ಕೆಡಿಸಿದ್ದು ಎಲ್ಲವೂ ಕತೆಯೇ. ನನಗಂತೂ ಕೆಟ್ಟ ರವಿಕೆಯ ಕತೆ ಇವತ್ತಿಗೂ ಇಷ್ಟ.

ಹಂತ 3: ಕತೆಯಲ್ಲಿ ಬರುವವರನ್ನು ಕೇಳಿ

ಇದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಆಗ ರೆಕಾರ್ಡಿಂಗ್ ಮುಗಿದಿರುತ್ತದೆ, "ಬೇಡ" ಅಂದರೆ ಬಿಡಲು ಮನಸ್ಸು ಬರುವುದಿಲ್ಲ. ಹಾಗಾಗಿ ಈಗಲೇ ಕೇಳಿ.

ಕತೆಯಲ್ಲಿ ಬರುವವರ ಹೆಸರುಗಳನ್ನು ಒಂದು ಪುಟದಲ್ಲಿ ಬರೆಯಿರಿ. ಪ್ರತಿ ಹೆಸರಿನ ಮುಂದೆ ಇವರಿಗೆ ಏನು ತೊಂದರೆ ಆಗಬಹುದು ಅಂತ ಒಂದು ಸಾಲು. ಅಪ್ಪನ ಸಾಲ, ಅಕ್ಕನ ಗಂಡನ ಮನೆ, ಗೆಳತಿಯ ಪ್ರೀತಿ, ಯಾವ ಕೇರಿಯವರು ಯಾವ ನಲ್ಲಿಯಲ್ಲಿ ನೀರು ಹಿಡಿಯುತ್ತಾರೆ ಅನ್ನುವುದು. ಇವೆಲ್ಲ ಊರಿನಲ್ಲಿ ಎಲ್ಲರಿಗೂ ಗೊತ್ತಿರುತ್ತವೆ. ಆದರೆ ಗೊತ್ತಿರುವುದು ಬೇರೆ, ಫೋನಿನಲ್ಲಿ ಓಡಾಡುವುದು ಬೇರೆ.

ಕೇಳುವಾಗ "ನಿನ್ನ ಬಗ್ಗೆ ಒಂದು ಕತೆ ಮಾಡ್ತೀನಿ, ಆಯ್ತಾ?" ಅಂದರೆ ಸಾಲದು. ಏನು ಹೇಳುತ್ತೀರಿ, ಎಲ್ಲಿ ಹಾಕುತ್ತೀರಿ, ಯಾರು ಕೇಳಬಹುದು ಅಂತ ಬಿಡಿಸಿ ಹೇಳಿ. ಅವ್ವ ರೊಟ್ಟಿ ಬಡಿಯುತ್ತಾ "ಹ್ಞೂ ಹ್ಞೂ, ಮಾಡು" ಅಂದರೆ ಅದು ಒಪ್ಪಿಗೆ ಅಲ್ಲ, ನಿಮ್ಮನ್ನು ಸಾಗಹಾಕುವ ಮಾತು. ಕೆಲಸ ಮುಗಿದ ಮೇಲೆ ಕೂರಿಸಿಕೊಂಡು ಇನ್ನೊಮ್ಮೆ ಕೇಳಿ.

ಹೆಸರು ಬದಲಿಸಿದರೆ ಸಾಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಇನ್ನೂರು ಮನೆಯ ಊರಿನಲ್ಲಿ "ನಮ್ಮೂರಿನ ಟೈಲರ್ ಮಗಳು" ಅಂದ ಮೇಲೆ ಹೆಸರು ಯಾಕೆ ಬೇಕು? ಕಸುಬು, ಓಣಿ, ಎಷ್ಟು ಮಕ್ಕಳು, ಯಾವ ಗಾಡಿ ಅನ್ನುವುದರಲ್ಲಿ ಎರಡನ್ನಾದರೂ ಬದಲಿಸಿ, ಇಲ್ಲವೇ ತೆಗೆದುಬಿಡಿ.

ಕಾನೂನಿನ ಗೆರೆಯೂ ಒಂದಿದೆ. 18 ತುಂಬದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದ್ದರೆ ಆ ಮಗುವಿನ ಹೆಸರು, ವಿಳಾಸ, ಫೋಟೋ, ಮನೆಯವರ ವಿವರ, ಶಾಲೆ, ಓಣಿ ಯಾವುದನ್ನೂ ಹೊರಗೆ ಹಾಕುವಂತಿಲ್ಲ. ಇದು 2012ರ ಪೋಕ್ಸೊ ಕಾಯ್ದೆಯ 23ನೇ ಕಲಮಿನಲ್ಲಿದೆ. "ನ್ಯಾಯ ಸಿಗಲಿ ಅಂತ ಹಾಕಿದೆ" ಅಂದರೂ ತಪ್ಪು ತಪ್ಪೇ. ಅಂಥ ವಿಷಯ, ಅಥವಾ ಬಾಲ್ಯವಿವಾಹ ನಡೆಯುತ್ತಿರುವ ಸುದ್ದಿ ಕತೆ ಮಾಡುವಾಗ ಕಿವಿಗೆ ಬಿದ್ದರೆ ರೆಕಾರ್ಡರ್ ಆಫ್ ಮಾಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಕತೆ ಆಮೇಲೆ ನೋಡಿಕೊಂಡರಾಯಿತು.

ಹೇಳುವವರೇ 18 ತುಂಬದವರಾದರೆ ಮನೆಯ ದೊಡ್ಡವರ ಒಪ್ಪಿಗೆ ಬರವಣಿಗೆಯಲ್ಲಿ ಇರಲಿ. ಒಂದು ಚೀಟಿ, ತಾರೀಖು, ಸಹಿ ಅಥವಾ ಹೆಬ್ಬೆಟ್ಟು.

ಹಂತ 4: ಬಾಯಲ್ಲಿ ಮೂರು ಸಲ ಹೇಳಿ

ಇದೇ ಎಲ್ಲಕ್ಕಿಂತ ದೊಡ್ಡ ಹಂತ. ಒಂದು ಮಧ್ಯಾಹ್ನ ಪೂರ್ತಿ ಇದಕ್ಕೇ ಇಡಿ.

ಜಾಗ ಮೊದಲು. ಹುಡುಗರಿಗೆ ಎಲ್ಲಾದರೂ ನಡೆಯುತ್ತದೆ, ಹುಡುಗಿಯರಿಗೆ ನಡೆಯುವುದಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯ, ಈಗ ಅರಿವು ಕೇಂದ್ರ ಅನ್ನುತ್ತಾರಲ್ಲ, ಅಲ್ಲಿ ಮಧ್ಯಾಹ್ನದ ಹೊತ್ತು ಸಾಮಾನ್ಯವಾಗಿ ಖಾಲಿ ಇರುತ್ತದೆ. ಅಲ್ಲಿಗೆ ಹೋಗುತ್ತೇನೆ ಅಂದರೆ ಮನೆಯಲ್ಲೂ ಬೇಡ ಅನ್ನುವುದಿಲ್ಲ. ಗ್ರಂಥಪಾಲಕರಿಗೆ ಮುಂಚೆಯೇ ಹೇಳಿಡಿ.

ಮೊದಲ ಸಲ: ಗೆಳತಿ ಎದುರು ಕೂರಲಿ. ಫೋನ್ ಇಬ್ಬರ ನಡುವೆ ಇರಲಿ, ರೆಕಾರ್ಡ್ ಒತ್ತಿ ಮಗುಚಿ ಹಾಕಿ. ಪರದೆ ಕಾಣುತ್ತಿದ್ದರೆ ಕಣ್ಣು ಸೆಕೆಂಡುಗಳ ಮೇಲೇ ಇರುತ್ತದೆ. ಮನಸ್ಸಿಗೆ ಬಂದ ಹಾಗೆ ಹೇಳಿ. ಕೇಳುವವರು ನಡುವೆ ಬಾಯಿ ಹಾಕಬಾರದು. "ನಂಗೂ ಹಂಗೇ ಆಗಿತ್ತು" ಅಂತ ಅವರು ಶುರು ಮಾಡಿದರೆ ನಿಮ್ಮ ಕತೆ ಅಲ್ಲಿಗೆ ಮುಗಿಯಿತು.

ಎರಡನೇ ಸಲ: ಈಗ ಕೇಳುವವರು ಪ್ರಶ್ನೆ ಕೇಳಬಹುದು. ಇಂಥವನ್ನೇ ಕೇಳಲಿ: ಆಮೇಲೆ? ಅಲ್ಲಿ ಯಾರ್ಯಾರು ಇದ್ದರು? ನಿನ್ನ ಕೈಯಲ್ಲಿ ಏನಿತ್ತು? ಅವರು ಏನಂದರು, ಅವರದೇ ಮಾತಿನಲ್ಲಿ ಹೇಳು. "ಆಗ ನಿನಗೆ ಹೇಗನ್ನಿಸಿತು?" ಅಂತ ಮಾತ್ರ ಕೇಳಬೇಡಿ. ಕೇಳಿದರೆ "ತುಂಬಾ ದುಃಖವಾಯಿತು" ಅಂತಲೇ ಉತ್ತರ ಬರುತ್ತದೆ. ಕೈಯಲ್ಲಿ ಏನಿತ್ತು ಅಂತ ಕೇಳಿ ನೋಡಿ. ಒಬ್ಬ ಹುಡುಗ ಇದಕ್ಕೆ, "ಹಾಲ್ ಟಿಕೆಟ್ ಇತ್ತು, ಬೆವರಿಗೆ ಮೆತ್ತಗಾಗಿತ್ತು" ಅಂದ. ಅವನ ದುಃಖವೆಲ್ಲ ಆ ಮೆತ್ತಗಾದ ಕಾಗದದಲ್ಲೇ ಬಂತು.

ಮೂರನೇ ಸಲ: ಸ್ವಲ್ಪ ಓಡಾಡಿ ಬಂದು, ನೀರು ಕುಡಿದು, ಪೂರ್ತಿಯಾಗಿ ಇನ್ನೊಮ್ಮೆ ಹೇಳಿ. ಇದು ಮೊದಲಿನದಕ್ಕಿಂತ ಚಿಕ್ಕದಾಗಿರುತ್ತದೆ. ಎಲ್ಲಿಂದ ಶುರು ಮಾಡಬೇಕು ಅನ್ನುವುದು ತಾನಾಗಿಯೇ ಗೊತ್ತಾಗಿರುತ್ತದೆ. ಇದೇ ನಿಮ್ಮ ಕತೆಯ ಅಚ್ಚು.

ಮನೆಮಾತು ಬಿಡಬೇಡಿ. ನಮ್ಮ ಕಡೆಯ ಹುಡುಗಿಯೊಬ್ಬಳು ಮೂರನೇ ಸಲ ಹೇಳಿದ್ದು ಹೀಗೆ:

"ಅವತ್ತ ಅಕೌಂಟೆನ್ಸಿ ಪರೀಕ್ಷೆ ಇತ್ತು. ಅವ್ವ ನಸಿಕಿನ್ಯಾಗ ಎದ್ದು ರೊಟ್ಟಿ ಕಟ್ಟಿಕೊಟ್ಲು. ನಾ ಗೇಟಿನ ಹಂತೇಕ ನಿಂತು ಬಸ್ಸಿಗೆ ಕೈ ಮಾಡಿದೆ. ಬಸ್ ನಿಂದ್ರಲೇ ಇಲ್ಲ."

ಮನೆಗೆ ಹೋಗಿ ಅದನ್ನೇ ಬರೆದುಕೊಂಡು ಬಂದಳು:

"ಅಂದು ನನಗೆ ಲೆಕ್ಕಶಾಸ್ತ್ರ ಪರೀಕ್ಷೆ ಇತ್ತು. ನಮ್ಮ ಗ್ರಾಮಕ್ಕೆ ಸಮರ್ಪಕ ಸಾರಿಗೆ ಸೌಲಭ್ಯ ಇಲ್ಲದ ಕಾರಣ ನಾನು ಬಹಳ ತೊಂದರೆಯನ್ನು ಅನುಭವಿಸಿದೆನು."

ಅವ್ವ ಹೋದಳು. ರೊಟ್ಟಿ ಹೋಯಿತು. ಎತ್ತಿದ ಕೈ ಹೋಯಿತು. "ನಿಂದ್ರಲೇ ಇಲ್ಲ" ಅನ್ನುವ ಮಾತಿನಲ್ಲಿ ಇದ್ದ ಸಿಟ್ಟೂ ಹೋಯಿತು. ಯಾಕೆ ಬದಲಿಸಿದೆ ಅಂತ ಕೇಳಿದರೆ, "ಹಂಗ ಮಾತಾಡಿದ್ರ ನಗ್ತಾರ್ರಿ" ಅಂದಳು. ನಗಲಿ ಬಿಡಿ. ಮೊದಲ ಅರ್ಧ ನಿಮಿಷ ನಗುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ. ಕುಂದಾಪುರದವರಾಗಲಿ, ಚಾಮರಾಜನಗರದವರಾಗಲಿ, ಲಂಬಾಣಿ ಅಥವಾ ತುಳು ಮನೆಮಾತಿನವರಾಗಲಿ, ಮನೆಯ ಮಾತಿನಲ್ಲೇ ಹೇಳಿ. ಬೇರೆ ಭಾಷೆಯ ನಾಲ್ಕು ಮಾತು ಬಂದರೆ ಅದರ ಹಿಂದೆಯೇ ಅರ್ಥ ಹೇಳಿ ಮುಂದೆ ಹೋಗಿ.

ಹೇಳುವಾಗ ಅಳು ಬರಬಹುದು. ಬಂದರೆ ರೆಕಾರ್ಡರ್ ನಿಲ್ಲಿಸಿ, "ಇವತ್ತಿಗೆ ಸಾಕು" ಅನ್ನಿ. ಅಳುವಿರುವ ರೆಕಾರ್ಡಿಂಗ್ ಚೆನ್ನಾಗಿದೆ ಅಂತ ಹೇಳುವವರ ಮಾತು ಕೇಳಬೇಡಿ. ಆಮೇಲೂ ಒಂದೆರಡು ದಿನ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ ಆ ಕತೆಗೆ ಇನ್ನೂ ಹೊತ್ತು ಬಂದಿಲ್ಲ ಅಂತ ಅರ್ಥ. ಮಾನಸಿಕ ಆರೋಗ್ಯದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಹಂತ 5: ಕೇಳಿ ಬರೆದುಕೊಳ್ಳಿ, ಆಮೇಲೆ ಕತ್ತರಿಸಿ

ಮೂರನೇ ರೆಕಾರ್ಡಿಂಗ್ ಹಾಕಿ. ನಿಲ್ಲಿಸಿ ನಿಲ್ಲಿಸಿ, ಆಡಿದ ಹಾಗೇ ಬರೆಯಿರಿ. ವ್ಯಾಕರಣ ತಿದ್ದಬೇಡಿ. ಫೋನಿನ ಕನ್ನಡ ವಾಯ್ಸ್ ಟೈಪಿಂಗ್ ಬಳಸಬಹುದು, ಆದರೆ ಅದು "ನಿಂದ್ರಲಿಲ್ಲ"ವನ್ನು ಇನ್ನೇನೋ ಮಾಡಿ ಕೂರಿಸುತ್ತದೆ. ಕೈಯಲ್ಲಿ ಬರೆಯುವುದೇ ವಾಸಿ.

ಎಷ್ಟು ಬರೆಯಬೇಕು? ನಿಧಾನವಾಗಿ ಹೇಳಿದರೆ ಕನ್ನಡದಲ್ಲಿ ನಿಮಿಷಕ್ಕೆ ಸುಮಾರು ನೂರು ಪದ. ಐದು ನಿಮಿಷಕ್ಕೆ ಐನೂರು. ನಿಮ್ಮದು ಒಂಬೈನೂರು ಬಂದಿರುತ್ತದೆ. ಕತ್ತರಿಸಲು ಇದೇ ಕ್ರಮ ಹಿಡಿಯಿರಿ.

ಮೊದಲು ನಮಸ್ಕಾರ ಮತ್ತು ಪರಿಚಯ ತೆಗೆಯಿರಿ. ಹೆಸರು ಕೊನೆಯಲ್ಲಿ ಹೇಳಿದರಾಯಿತು. ಆಮೇಲೆ ಕೊನೆಯ ಪ್ಯಾರಾ ತೆಗೆಯಿರಿ, ಅಲ್ಲಿ ಉಪದೇಶ ಇರುತ್ತದೆ. ಇವೆರಡಕ್ಕೇ ಇನ್ನೂರು ಪದ ಹೋಗುತ್ತದೆ. ಮೂರನೆಯದಾಗಿ "ತುಂಬಾ", "ಬಹಳ" ಇರುವ ಸಾಲುಗಳನ್ನು ನೋಡಿ. ತುಂಬಾ ಬಿಸಿಲಿತ್ತು ಅನ್ನುವ ಬದಲು ಹ್ಯಾಂಡ್‌ಪಂಪಿನ ಹಿಡಿ ಮುಟ್ಟಲು ಆಗಲಿಲ್ಲ ಅನ್ನಬಹುದಾ?

ಕೊನೆಗೆ ಮೊದಲ ಸಾಲು. ಅದರಲ್ಲಿ ಏನಾದರೂ ನಡೆಯುತ್ತಿರಬೇಕು. "ಬಸ್ ನಿಂದ್ರಲೇ ಇಲ್ಲ" ಅಂತಲೇ ಶುರು ಮಾಡಿದರೆ? ಆ ಹುಡುಗಿ ಹಾಗೇ ಮಾಡಿದಳು. ಆಮೇಲೆ ಹಾಲಿನ ಗಾಡಿ ಬಂತು, ಕ್ಯಾನುಗಳ ನಡುವೆ ಕೂತು ಹೋದಳು, ಪರೀಕ್ಷೆಯ ಕೋಣೆಯಲ್ಲಿ ಪಕ್ಕದವಳು ಮೂಗು ಮುಚ್ಚಿಕೊಂಡಳು. ಅಷ್ಟೇ ಕತೆ. ಬಸ್ಸಿನ ಸಮಸ್ಯೆ ಬಗ್ಗೆ ಒಂದು ಸಾಲೂ ಇಲ್ಲ, ಕೇಳಿದವರೆಲ್ಲ ಬಸ್ಸಿನ ಬಗ್ಗೆಯೇ ಮಾತಾಡಿದರು.

ಹಂತ 6: ರೆಕಾರ್ಡ್ ಮಾಡಿ

ಹೊತ್ತು ಆರಿಸುವುದು ಅರ್ಧ ಕೆಲಸ. ಬೆಳಿಗ್ಗೆ ಗುಡಿಯ ಮೈಕು, ಹತ್ತರ ಮೇಲೆ ಹಿಟ್ಟಿನ ಗಿರಣಿ. ತ್ರೀ ಫೇಸ್ ಕರೆಂಟ್ ಬಂದ ಕೂಡಲೇ ಸುತ್ತಲಿನ ಮೋಟಾರುಗಳೆಲ್ಲ ಶುರು. ರಾತ್ರಿ ಜೀರುಂಡೆ. ನಿಮ್ಮ ಊರಿನ ಸದ್ದಿನ ಪಟ್ಟಿ ನಿಮಗೇ ಚೆನ್ನಾಗಿ ಗೊತ್ತು. ಒಂದು ದಿನ ಗಮನಿಸಿ, ಅರ್ಧ ಗಂಟೆಯ ಸಂದು ಹುಡುಕಿ.

ಕೋಣೆ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಹೊಸ ಆರ್‌ಸಿಸಿ ಮನೆಯ ಖಾಲಿ ಕೋಣೆ ಚೆನ್ನಾಗಿ ಕಾಣುತ್ತದೆ, ಆದರೆ ಅಲ್ಲಿ ಮಾತಾಡಿದರೆ ಬಾವಿಯೊಳಗೆ ಮಾತಾಡಿದ ಹಾಗೆ ಕೇಳುತ್ತದೆ. ತಗಡಿನ ಮನೆ ಮಧ್ಯಾಹ್ನದ ಬಿಸಿಲಿಗೆ ಟಕ್ ಟಕ್ ಅನ್ನುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಜೋಳದ ಚೀಲ ಒಟ್ಟಿದ ಕೋಣೆ. ಚೀಲ, ಹಾಸಿಗೆ, ಬಟ್ಟೆ ಇದ್ದಷ್ಟೂ ಸದ್ದು ಮರಳಿ ಬರುವುದಿಲ್ಲ. ಅಂಥ ಕೋಣೆ ಇಲ್ಲದಿದ್ದರೆ ಬೆನ್ನ ಹಿಂದೆ ಒಂದು ಕೌದಿ, ಮುಂದೆ ಒಂದು ಕೌದಿ ಹಗ್ಗಕ್ಕೆ ಇಳಿಬಿಡಿ. ಒಮ್ಮೆ ಚಪ್ಪಾಳೆ ತಟ್ಟಿ. ಸದ್ದು ಅಲ್ಲೇ ಸತ್ತರೆ ಜಾಗ ಸರಿ.

ಈಗ ಫೋನ್. ಏರೋಪ್ಲೇನ್ ಮೋಡ್ ಹಾಕಿ. ಫ್ಯಾನ್ ಆರಿಸಿ, ಗೋಡೆ ಗಡಿಯಾರ ಇಳಿಸಿ ಹೊರಗಿಡಿ. ಮಾತಿನ ಮೈಕು ಹೆಚ್ಚಿನ ಫೋನುಗಳಲ್ಲಿ ಕೆಳಗೆ, ಚಾರ್ಜರ್ ತೂತಿನ ಪಕ್ಕ ಇರುತ್ತದೆ. ಆ ತುದಿ ನಿಮ್ಮ ಕಡೆಗಿರಲಿ, ಬೆರಳಿನಿಂದ ಮುಚ್ಚಬೇಡಿ. ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ. ನೇರ ಎದುರಿಗಿಟ್ಟರೆ "ಪ", "ಬ", "ಫ" ಬಂದಾಗಲೆಲ್ಲ ಗಾಳಿ ಹೊಡೆದು ಡುಬ್ ಅನ್ನುತ್ತದೆ. ಫೋನನ್ನು ಕೈಯಲ್ಲಿ ಹಿಡಿಯಬೇಡಿ. ಮಡಚಿದ ಟವೆಲ್ ಮೇಲೆ ಇಡಿ.

ಮೊದಲು ಅರ್ಧ ನಿಮಿಷ ಮಾತಾಡಿ, ಇಯರ್‌ಫೋನ್ ಹಾಕಿ ಕೇಳಿ. ದನಿ ಒಡೆದರೆ ಹಿಂದೆ ಸರಿಯಿರಿ, ಎಲ್ಲೋ ದೂರದಿಂದ ಬಂದ ಹಾಗಿದ್ದರೆ ಹತ್ತಿರ ಬನ್ನಿ. ಸರಿ ಅನ್ನಿಸಿದ ಮೇಲೆಯೇ ಮುಂದಕ್ಕೆ. ಈ ಅರ್ಧ ನಿಮಿಷ ಉಳಿಸಲು ಹೋಗಿ ಅರ್ಧ ದಿನ ಕಳೆದುಕೊಂಡವರು ತುಂಬಾ ಜನ.

ಹೇಳುವಾಗ ಕಾಗದ ಓದಬೇಡಿ. ಗೆಳತಿ ಮತ್ತೆ ಎದುರಿಗೆ ಕೂರಲಿ, ಅವಳಿಗೇ ಹೇಳಿ. ಕಾಗದದಲ್ಲಿ ಆರೇಳು ಗುರುತು ಮಾತ್ರ ಇರಲಿ: ಬಸ್ಸು, ಹಾಲಿನ ಗಾಡಿ, ಕ್ಯಾನು, ಮೂಗು. ನಡುವೆ ತಪ್ಪಿದರೆ ನಿಲ್ಲಿಸಬೇಡಿ. ಎರಡು ಸೆಕೆಂಡ್ ಸುಮ್ಮನಿದ್ದು ಆ ವಾಕ್ಯವನ್ನು ಮೊದಲಿಂದ ಹೇಳಿ. ಎಡಿಟ್ ಮಾಡುವಾಗ ಆ ಮೌನವೇ ಗುರುತಾಗುತ್ತದೆ.

ಮುಗಿದ ಮೇಲೆ ಎದ್ದು ಹೋಗಬೇಡಿ. ಇಬ್ಬರೂ ಅರ್ಧ ನಿಮಿಷ ಉಸಿರು ಬಿಗಿಹಿಡಿದ ಹಾಗೆ ಕೂತು ಬರೀ ಕೋಣೆಯ ಸದ್ದು ರೆಕಾರ್ಡ್ ಮಾಡಿ. ಕತ್ತರಿಸಿದ ಕಡೆ ತೇಪೆ ಹಾಕಲು ಇದು ಬೇಕಾಗುತ್ತದೆ. ಹಾಗೆಯೇ ಕತೆಯಲ್ಲಿ ಬರುವ ಒಂದೆರಡು ಸದ್ದುಗಳನ್ನೂ ಬೇರೆಯಾಗಿ ಹಿಡಿದಿಡಿ. ರೊಟ್ಟಿ ಬಡಿಯುವುದು, ಹಾಲಿನ ಕ್ಯಾನುಗಳು ಒಂದಕ್ಕೊಂದು ತಾಗುವುದು.

ಹಂತ 7: ಎಡಿಟ್

ಕಂಪ್ಯೂಟರ್ ಸಿಕ್ಕರೆ ಆಡಾಸಿಟಿ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್, ಪುಕ್ಕಟೆ. ಸಿಗದಿದ್ದರೆ ಫೋನಿನ ರೆಕಾರ್ಡರಿನಲ್ಲೇ ಇರುವ ಟ್ರಿಮ್ ಸಾಕು. ಮೊದಲು ಮೂಲ ಫೈಲಿನ ಒಂದು ಪ್ರತಿ ಮಾಡಿ, ಪ್ರತಿಯ ಮೇಲೆ ಕೆಲಸ ಮಾಡಿ. ತಪ್ಪಿದ ವಾಕ್ಯ ತೆಗೆಯಿರಿ, ಮೊದಲ ಮತ್ತು ಕೊನೆಯ ಖಾಲಿ ಜಾಗ ತೆಗೆಯಿರಿ, ದನಿ ಒಂದು ಮಟ್ಟಕ್ಕೆ ತನ್ನಿ. ಮುಗಿಯಿತು.

ನಾಯ್ಸ್ ರಿಡಕ್ಷನ್ (ಹಿನ್ನೆಲೆಯ ಸದ್ದು ತೆಗೆಯುವುದು) ಜಾಸ್ತಿ ಎಳೆದರೆ ದನಿ ಬಿಂದಿಗೆಯೊಳಗಿಂದ ಬಂದ ಹಾಗಾಗುತ್ತದೆ. ಉಸಿರು, ತಡವರಿಕೆ, ಸಣ್ಣ ಮೌನ ಎಲ್ಲವನ್ನೂ ತೆಗೆದರೆ ಬಸ್ ನಿಲ್ದಾಣದ ಅನೌನ್ಸ್‌ಮೆಂಟ್ ಆಗುತ್ತದೆ. ಸಿನಿಮಾ ಹಾಡು, ಕೊಳಲಿನ ಸಂಗೀತ ಹಾಕಬೇಡಿ. ಹಾಡಿಗೆ ಹಕ್ಕುದಾರರಿರುತ್ತಾರೆ, ವಿಡಿಯೋ ತೆಗೆಸಿಬಿಡಬಹುದು. ಅದೂ ಅಲ್ಲದೆ ದುಃಖದ ಮಾತಿಗೆ ದುಃಖದ ಕೊಳಲು ಯಾಕೆ?

ಹಂತ 8: ಮೊದಲು ಮನೆಯಲ್ಲಿ ಹಾಕಿ ಕೇಳಿಸಿ

ಇಲ್ಲಿ ನಾನೇ ಎಡವಿದ್ದೇನೆ. ಗುಳೆ ಹೋಗಿಬಂದ ಹುಡುಗನೊಬ್ಬ ಚೆನ್ನಾದ ಕತೆ ಮಾಡಿದ್ದ. ಅಪ್ಪ ಮೇಸ್ತ್ರಿಯ ಹತ್ತಿರ ಮುಂಗಡ ತಗೊಂಡದ್ದು, ಎಷ್ಟು, ಯಾವ ಹಬ್ಬಕ್ಕೆ ಅನ್ನುವುದೆಲ್ಲ ಅದರಲ್ಲಿತ್ತು. ಹುಮ್ಮಸ್ಸಿನಲ್ಲಿ ಅವತ್ತೇ ಸಂಜೆ ಹದಿನೈದು ಇಪ್ಪತ್ತು ಜನರ ಮುಂದೆ ಹಾಕಿಬಿಟ್ಟೆ. ಅವರಲ್ಲಿ ಮೇಸ್ತ್ರಿಯ ಕಡೆಯವರೂ ಇದ್ದರು. ಮಾರನೇ ದಿನ ಆ ಹುಡುಗನ ಅಪ್ಪ ಬಂದರು. ಜಗಳ ಮಾಡಲಿಲ್ಲ. "ನಮ್ ಸಾಲದ ಲೆಕ್ಕ ಊರಿಗೆ ಓದಿ ಹೇಳಬೇಕಿತ್ತೇನ್ರಿ ಸರ್?" ಅಂದು ಬಾಗಿಲಲ್ಲೇ ನಿಂತರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮೊತ್ತ ಹೇಳುವ ಒಂದು ಸಾಲು ತೆಗೆದಿದ್ದರೆ ಕತೆಗೆ ಏನೂ ಆಗುತ್ತಿರಲಿಲ್ಲ.

ಹಾಗಾಗಿ ಕತೆಯಲ್ಲಿ ಬರುವ ಪ್ರತಿಯೊಬ್ಬರಿಗೂ ಪೂರ್ತಿ ಕೇಳಿಸಿ. ಇಯರ್‌ಫೋನ್ ಕೊಡಿ, ಎಲ್ಲರ ಮುಂದೆ ಸ್ಪೀಕರಿನಲ್ಲಿ ಹಾಕಬೇಡಿ. ಕೇಳುವಾಗ ಅವರ ಮುಖ ನೋಡಿ. ಯಾವ ಜಾಗದಲ್ಲಿ ಕಣ್ಣು ಕೆಳಗೆ ಹಾಕಿದರೋ ಆ ನಿಮಿಷ ಬರೆದುಕೊಳ್ಳಿ. "ಚಲೋ ಐತಿ" ಅಂದರೂ ಆ ಜಾಗದ ಬಗ್ಗೆ ಕೇಳಿ. ತೆಗೆ ಅಂದರೆ ತೆಗೆಯಿರಿ, ವಾದ ಬೇಡ. ಆಮೇಲೆ ಮೂರು ದಿನ ಬಿಡಿ. ಮೊದಲ ದಿನ ಒಪ್ಪಿದವರು ರಾತ್ರಿ ಯೋಚಿಸಿ ಮೂರನೇ ದಿನ ಬೇಡ ಅಂದದ್ದಿದೆ.

ಹಂತ 9: ಹೊರಗೆ ಬಿಡಿ

ಸಣ್ಣದರಿಂದ ದೊಡ್ಡದಕ್ಕೆ ಹೋಗಿ. ಮೊದಲು ಅರಿವು ಕೇಂದ್ರದಲ್ಲಿ ಹತ್ತು ಜನ, ಆಮೇಲೆ ಕಾಲೇಜು, ಆಮೇಲೆ ರೇಡಿಯೋ, ಕೊನೆಗೆ ಇಂಟರ್‌ನೆಟ್. ಉಲ್ಟಾ ಮಾಡಿದರೆ ವಾಪಸ್ ಬರಲು ದಾರಿ ಇರುವುದಿಲ್ಲ.

ಸಮುದಾಯ ರೇಡಿಯೋ ಹತ್ತಿರದಲ್ಲಿದ್ದರೆ ಅದೇ ಎಲ್ಲಕ್ಕಿಂತ ಒಳ್ಳೆಯದು. ಸರಗೂರಿನ ಜನಧ್ವನಿ, ಬೂದಿಕೋಟೆಯ ನಮ್ಮ ಧ್ವನಿ, ಮಣಿಪಾಲದ ರೇಡಿಯೋ ಮಣಿಪಾಲ್ ಅಂಥವು. ಇವು ಕೇಳುವುದು ಹತ್ತು ಹದಿನೈದು ಕಿಲೋಮೀಟರ್ ಒಳಗೆ ಮಾತ್ರ, ಅಂದರೆ ಕೇಳುವವರು ನಿಮ್ಮ ಮಾತು ತಿಳಿದವರೇ. ಕಾರ್ಯಕ್ರಮದಲ್ಲಿ ಅರ್ಧದಷ್ಟಾದರೂ ಸ್ಥಳೀಯರ ಜೊತೆ ಸೇರಿ ಮಾಡಿದ್ದಿರಬೇಕು ಅಂತ ಸರ್ಕಾರದ ನಿಯಮವೂ ಇದೆ. ಹಾಗಾಗಿ ಹಿಂಜರಿಯದೆ ಹೋಗಿ ಕೇಳಿ. ಅಂಥದ್ದು ಇಲ್ಲದಿದ್ದರೆ ಹತ್ತಿರದ ಆಕಾಶವಾಣಿಯಲ್ಲಿ ಯುವವಾಣಿಗೆ ತಗೊಳ್ಳುತ್ತಾರಾ ವಿಚಾರಿಸಿ. ಕೊಡುವಾಗ ಎಂಪಿ3 ಅಲ್ಲ, ವೇವ್ ಅಥವಾ ಮೂಲ ಫೈಲ್ ಕೊಡಿ.

ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಅಂತ ಲಗತ್ತಿಸಿ. ಒಂದು ಮಾತು ನೆನಪಿರಲಿ: "ಡಿಲೀಟ್ ಫಾರ್ ಎವ್ರಿವನ್" ಎರಡೂವರೆ ದಿನದ ಮೇಲೆ ನಡೆಯುವುದಿಲ್ಲ, ಅಷ್ಟರೊಳಗೆ ಯಾರಾದರೂ ಫಾರ್ವರ್ಡ್ ಮಾಡಿದ್ದರೆ ಅದನ್ನು ಮುಟ್ಟುವುದೂ ಇಲ್ಲ. ಯೂಟ್ಯೂಬಿನಲ್ಲಿ ಹಾಕಿದರೆ ಮೊದಲ ವಾರ ಅನ್‌ಲಿಸ್ಟೆಡ್ (ಲಿಂಕ್ ಇದ್ದವರಿಗೆ ಮಾತ್ರ ಕಾಣುವ ಹಾಗೆ) ಇಡಿ, ಕಮೆಂಟ್ ಮುಚ್ಚಿಡಿ. ಹುಡುಗಿಯರ ಕತೆಗೆ ಮುಖದ ಫೋಟೋ ಹಾಕದಿದ್ದರೆ ನಷ್ಟವೇನೂ ಇಲ್ಲ. ಹಾಲಿನ ಕ್ಯಾನಿನ ಫೋಟೋ ಸಾಕು.

"ನಿಮ್ಮ ಕತೆ ನಮಗೆ ಕೊಡಿ, ವೈರಲ್ ಮಾಡ್ತೀವಿ" ಅಂತ ಯಾರಾದರೂ ಬಂದರೆ ಮೂರು ಪ್ರಶ್ನೆ ಕೇಳಿ. ತಲೆಬರಹ ನಮಗೆ ತೋರಿಸಿ ಹಾಕ್ತೀರಾ? ಬೇಡ ಅಂದಾಗ ತೆಗೀತೀರಾ? ಇದರಿಂದ ದುಡ್ಡು ಬಂದರೆ ಯಾರಿಗೆ? ಮೊದಲನೆಯದಕ್ಕೇ ಮಾತು ಹಾರಿಸಿದರೆ ಉಳಿದೆರಡು ಕೇಳುವ ಕೆಲಸವಿಲ್ಲ.

ಹಂತ 10: ಫೈಲ್ ಎಲ್ಲಿ ಇಡುತ್ತೀರಿ

ಮನೆಯಲ್ಲಿ ಫೋನ್ ಒಂದೇ, ಅದು ಅಣ್ಣನದು ಅನ್ನುವ ಹುಡುಗಿಯರೇ ಜಾಸ್ತಿ. ಮೂರು ಸಲ ಹೇಳಿದ ಕಚ್ಚಾ ರೆಕಾರ್ಡಿಂಗ್ ಅದರಲ್ಲೇ ಉಳಿದರೆ ಸಂಜೆಯೊಳಗೆ ಮನೆಯವರೆಲ್ಲ ಕೇಳಿರುತ್ತಾರೆ. ಅವತ್ತಿನದನ್ನು ಅವತ್ತೇ ಪೆನ್‌ಡ್ರೈವಿಗೆ ಅಥವಾ ಗೆಳತಿಯ ಫೋನಿಗೆ ಹಾಕಿ, ಅಣ್ಣನ ಫೋನಿನಿಂದ ಅಳಿಸಿ. ಅಳಿಸಿದ ಮೇಲೂ ಅನೇಕ ಫೋನುಗಳಲ್ಲಿ ಅದು ಕಸದ ಬುಟ್ಟಿಯಲ್ಲಿ ತಿಂಗಳವರೆಗೆ ಇರುತ್ತದೆ. ಅಲ್ಲಿಂದಲೂ ತೆಗೆಯಿರಿ.

ಮುಗಿದ ಕತೆಯ ಎರಡು ಪ್ರತಿ ಎರಡು ಬೇರೆ ಕಡೆ ಇರಲಿ. ಫೈಲಿಗೆ "ಆಡಿಯೋ 0047 ಫೈನಲ್ ಫೈನಲ್" ಅಂತಲ್ಲದೆ ತಾರೀಖು ಮತ್ತು ಒಂದು ಪದ ಇಡಿ: ಹಾಲಿನಗಾಡಿ. ಒಪ್ಪಿಗೆಯ ಚೀಟಿಯ ಫೋಟೋ ಅದರ ಪಕ್ಕದಲ್ಲೇ ಇರಲಿ.

ವರ್ಷದ ಮೇಲೆ ಹೇಳಿದವರೇ ಬಂದು "ತೆಗೆದುಬಿಡಿ, ಮದುವೆ ಗೊತ್ತಾಗಿದೆ" ಅನ್ನಬಹುದು. ಕಾರಣ ಕೇಳಬೇಡಿ. ಅವರ ಮುಂದೆಯೇ ಅಳಿಸಿ, ಪೆನ್‌ಡ್ರೈವ್ ತೆರೆದು ಖಾಲಿ ಫೋಲ್ಡರ್ ತೋರಿಸಿ, ರೇಡಿಯೋದವರಿಗೆ ಅಲ್ಲೇ ಕೂತು ಫೋನ್ ಮಾಡಿ.